ಬೀದಿಯಲ್ಲಿ ಯಾರೂ ಜೋಡಿ ಕಟ್ಟುವುದಿಲ್ಲ

ನನ್ನ ಎಡಗಿವಿ ಮುರುಟಿಕೊಂಡಿರುವುದನ್ನು ಕಂಡವರು ಅದಕ್ಕೇನಾಯಿತೆಂದು ವಿಚಾರಿಸುತ್ತಾರೆ. ಮೈಸೂರಿನ ಗರಡಿ ಮನೆಯಲ್ಲಿ ಎಂಟು ವರ್ಷ, ಆಮೇಲೆ ಜೂಡೊ ಮ್ಯಾಟಿನ ಮೇಲೆ ಹೆಚ್ಚುಕಡಿಮೆ ಅಷ್ಟೇ ಕಾಲ ಹೊರಳಾಡಿದವನೆಂದು ತಿಳಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ದಾರಿಯಲ್ಲಿ ಯಾರಾದರೂ ಮೈಮೇಲೆ ಬಂದರೆ ಈ ಪಟ್ಟುಗಳು ನಿಜವಾಗಿ ಕೆಲಸಕ್ಕೆ ಬರುತ್ತವೆಯೇ? ಬರುತ್ತವೆ ಎಂದೇ ನನ್ನ ಉತ್ತರ; ಆದರೆ ಕೇಳಿದವರು ಊಹಿಸಿಕೊಂಡಿರುವ ರೀತಿಯಲ್ಲಲ್ಲ.

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಜೂಡೊ ಕಲಿಸತೊಡಗಿದಾಗ, ಜಪಾನಿನ ಹಳೆಯ ಕಾಳಗ ವಿದ್ಯೆಯಾದ ಜುಜುತ್ಸುವಿನ ಅಪಾಯಕಾರಿ ಹೊಡೆತಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಇದರಿಂದ ವಿದ್ಯೆ ಮೆತ್ತಗಾಗಿರಬೇಕೆಂದು ತೋರುತ್ತದೆ. ಆದದ್ದು ಅದಕ್ಕೆ ವಿರುದ್ಧ. ಕಣ್ಣಿಗೆ ಚುಚ್ಚುವುದನ್ನು ಜೊತೆಗಾರನ ಮೇಲೆ ಪೂರ್ಣ ಬಲದಿಂದ ಅಭ್ಯಾಸ ಮಾಡಲಾಗದು, ಆದರೆ ಸೊಂಟ ಕೊಟ್ಟು ಎತ್ತಿಹಾಕುವ ಪಟ್ಟನ್ನು, ಬೀಳಲು ಸುತರಾಂ ಒಪ್ಪದವನ ಮೇಲೆ, ದಿನಕ್ಕೆ ಇಪ್ಪತ್ತು ಸಲ ಪ್ರಯೋಗಿಸಿ ಮರುದಿನವೂ ಇಬ್ಬರೂ ನೆಟ್ಟಗೆ ಬರಬಹುದು. ನಮ್ಮ ಗರಡಿಯ ಮಟ್ಟಿಯಲ್ಲೂ, ಅಂದರೆ ಕುಸ್ತಿಯ ಮಣ್ಣಿನ ಅಖಾಡದಲ್ಲೂ, ನಡೆಯುತ್ತಿದ್ದುದು ಇದೇ. ಹೀಗೆ ಪಳಗಿದವನ ಕೊರಳಪಟ್ಟಿಗೆ ಅಪರಿಚಿತನೊಬ್ಬ ಕೈಹಾಕಿದಾಗ ಅವನ ಉಸಿರು ಕಟ್ಟುವುದಿಲ್ಲ, ಕಾಲು ತಾನಾಗಿಯೇ ಅಗಲವಾಗಿ ಊರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ಪ್ರಯೋಜನದಲ್ಲಿ ಮುಕ್ಕಾಲು ಪಾಲು ಇಷ್ಟೇ.

ವಾದಕ್ಕೆ ಬರುವವರು 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಾಳಗ ವಿದ್ಯೆಗಳವರು ಪರಸ್ಪರ ಸೆಣಸುವ ಪಂದ್ಯಾವಳಿಯಾದ ಮೊದಲ ಯುಎಫ್‌ಸಿಯನ್ನು ಎತ್ತುತ್ತಾರೆ. ಸುಮಾರು 80 ಕಿಲೋ ತೂಕದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ, ನೆಲದ ಮೇಲೆ ಹಿಡಿದು ಮಣಿಸುವ ಬ್ರೆಜಿಲಿಯನ್ ಜಿಯು-ಜಿತ್ಸುವನ್ನು ಲೋಕಕ್ಕೆ ಪರಿಚಯಿಸಿದ್ದು ನಿಜ. ಆದರೆ ಆ ಮೂವರೂ ಒಬ್ಬೊಬ್ಬರಾಗಿ ಬಂದರು. ದಸರಾ ಕುಸ್ತಿಗೆ ಮೊದಲು ಮೈಸೂರಿನಲ್ಲಿ ಜೋಡಿ ಕಟ್ಟುವ ದಿನವೆಂದೇ ಒಂದಿರುತ್ತದೆ. ತೂಕ, ತಯಾರಿ ನೋಡಿ ಸರಿಸಮನಾದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ಬೀದಿಯಲ್ಲಿ ಆ ಉಪಕಾರವನ್ನು ಯಾರೂ ಮಾಡುವುದಿಲ್ಲ.

ಇದು ನನಗೆ ಅರ್ಥವಾದದ್ದು ಹೋಟೆಲೊಂದರ ಮುಂದೆ, ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ನಡೆದ ಕ್ಷುಲ್ಲಕ ಜಗಳದಲ್ಲಿ. ಅಂಗಿ ಹಿಡಿದವನ ಕಂಕುಳಲ್ಲಿ ಕೈ ತೂರಿಸಿ, ಅವನ ಬೆನ್ನನ್ನು ಬಳಸಿ, ಅಲುಗಾಡದಂತೆ ಬಿಗಿಹಿಡಿದೆ. ಉಸ್ತಾದರು ನೋಡಿದ್ದರೆ ತಲೆದೂಗುವಂತಿತ್ತು ಹಿಡಿತ. ಅಷ್ಟರಲ್ಲಿ ಅವನ ಗೆಳೆಯ ನನ್ನ ಕಿವಿಯ ಹಿಂದೆ ಎರಡು ಬಿಗಿದಿದ್ದ. ನಾನು ಅವನನ್ನು ಹಿಡಿದಿದ್ದೇನೆಂದರೆ ನನ್ನ ಎರಡು ಕೈಗಳೂ ಅವನ ಬಳಿ ಸೆರೆಯಾಗಿವೆಯೆಂದೇ ಅರ್ಥವೆಂಬುದು ಅಷ್ಟು ವರ್ಷ ಹೊಳೆದಿರಲಿಲ್ಲ. ಆ ಗೆಳೆಯನ ಕೈಯಲ್ಲಿ ಚಾಕು ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ನೆಲದ ವಿಷಯದಲ್ಲೂ ಆಟದ ನಿಯಮಗಳು ಮೈಗೆ ತಪ್ಪು ಅಭ್ಯಾಸ ಕಲಿಸಬಲ್ಲವು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಂದರೆ ಸೋಲು, ಆದ್ದರಿಂದ ಬೀಳುವವನು ಬೋರಲಾಗಿ ಮಟ್ಟಿಯನ್ನು ತಬ್ಬಿಕೊಳ್ಳುತ್ತಾನೆ. ಕಾಂಕ್ರೀಟಿನ ಮೇಲೆ ಹಾಗೆ ಮಲಗಿದರೆ ಅದು ಒದೆಯುವವನಿಗೆ ತಲೆಯನ್ನು ಒಪ್ಪಿಸಿದಂತೆ. ಜಿಯು-ಜಿತ್ಸು ಇಲ್ಲಿ ಮೇಲು, ಏಕೆಂದರೆ ಎದೆಯ ಮೇಲೆ ಕೂತವನನ್ನು ಕೆಳಗಿನಿಂದ ಉರುಳಿಸುವುದು ಅದರ ಮೊದಲ ಪಾಠಗಳಲ್ಲೊಂದು. ಹೆಣ್ಣುಮಕ್ಕಳಿಗೆ ಏನು ಕಲಿಸಲೆಂದು ಕೇಳುವ ತಂದೆತಾಯಿಗಳಿಗೆ ನಾನು ಅದನ್ನೇ ಹೇಳುವುದೂ ಇದಕ್ಕಾಗಿಯೇ.

ಕುತ್ತಿಗೆ ಬಿಗಿಯುವ ಪಟ್ಟುಗಳ ಬಗ್ಗೆ ಮಾತ್ರ ನನಗೆ ಭಯವಿದೆ. ಎರಡೂ ಬದಿಯ ರಕ್ತನಾಳಗಳನ್ನು ಸರಿಯಾಗಿ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮ್ಯಾಟಿನ ಮೇಲೆ ಸೋತವನು ತಟ್ಟುತ್ತಾನೆ, ನಾವು ಬಿಡುತ್ತೇವೆ, ಬೀದಿಯಲ್ಲಿ ತಟ್ಟುವವರೂ ಇಲ್ಲ, ಬಿಡಿಸುವ ಪಂಚರೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಆತ್ಮರಕ್ಷಣೆಯ ಹಕ್ಕಿನಿಂದ ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ, 37ನೆಯದು ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದೆಂದು ಆ ಹಕ್ಕಿಗೆ ಎಲ್ಲೆ ಹಾಕುತ್ತದೆ.

ಈಗ ಭಾನುವಾರಗಳಂದು ಅಕ್ಕನ ಮಗಳಿಗೆ ನಾನು ಕಲಿಸುತ್ತಿರುವುದು ಒಂದೇ ಆಟ. ಅವಳು ಅಂಗಾತ ಮಲಗುತ್ತಾಳೆ, 78 ಕಿಲೋ ತೂಕದ ನಾನು ಮೇಲೆ ಕೂರುತ್ತೇನೆ, ಅವಳು ಬಿಡಿಸಿಕೊಂಡು ಏಳಬೇಕು. ನನ್ನನ್ನು ಉರುಳಿಸಿದ್ದಕ್ಕೆ ಅಂಕವಿಲ್ಲ. ಓಡಿಹೋಗಿ ಬಾಗಿಲು ಮುಟ್ಟಿದರೆ ಮಾತ್ರ ಅಂಕ. ಹೋದ ವಾರ ಉರುಳಿಸಿದ ಖುಷಿಯಲ್ಲಿ ಅಲ್ಲೇ ನಿಂತು ನಕ್ಕಳು. ಕಾಲು ಹಿಡಿದು ಮತ್ತೆ ಕೆಡವಿದೆ.