ಕೂಲರ್ ಸದ್ದಿನ ನಡುವೆ ಖರ್ಜದ ತಂತಿ: ನನ್ನ ಹೆಡ್‌ಫೋನ್ ಲಾಗ್

ಫೆಬ್ರವರಿ

ನನ್ನ ಹಾಡುಗಳಿಗೆ ಒಪ್ಪುವ ಹೆಡ್‌ಫೋನ್ ಹುಡುಕಲು ಹೊರಟಿದ್ದೇನೆ. ಮೊದಲು ನಾನು ಏನು ಕೇಳುತ್ತೇನೆ ಅಂತ ಬರೆದಿಡುತ್ತೇನೆ. ಅದು ಗೊತ್ತಿಲ್ಲದೆ ಮುಂದಿನದು ಯಾವುದೂ ಅರ್ಥವಾಗಲ್ಲ.

ಫೋನಿನಲ್ಲಿರುವುದು ಮುಕ್ಕಾಲು ಪಾಲು ಹಾಡುಗಾರಿಕೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಹೆಚ್ಚಿನವು ಹಳೆಯ ರೇಡಿಯೋ ಧ್ವನಿಮುದ್ರಣ, ಇಲ್ಲವೇ ಕ್ಯಾಸೆಟ್‌ನಿಂದ ಇಳಿಸಿಕೊಂಡಿದ್ದು. ಆಮೇಲೆ ತತ್ವಪದ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ನಮ್ಮ ಕಡೆ ಭಜನೆಗಳಲ್ಲಿ ಹಾಡುವಾಗ ಫೋನಿನಲ್ಲೇ ಹಿಡಿದದ್ದು. ಏಕತಾರಿ, ದಮ್ಮಡಿ, ತಾಳ, ಪೇಟಿ, ಜೊತೆಗೆ ನಾಲ್ಕು ಜನರ ಕೆಮ್ಮು. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ರೆಕಾರ್ಡ್ ಮಾಡಿದ ಕವ್ವಾಲಿಯೂ ಸ್ವಲ್ಪ ಇದೆ. ಸಿನಿಮಾ ಹಾಡಿಗೆ ಕಾರಿನ ಸ್ಪೀಕರ್ ಸಾಕು.

ಅಂದ್ರೆ ನನಗೆ ಬೇಕಾದದ್ದು ದನಿ. ಬಾಸ್ ಗುದ್ದಬೇಕು ಅಂತ ಇಲ್ಲ. ನಿಜ ಹೇಳಬೇಕಂದ್ರೆ ಗುದ್ದಲೇಬಾರದು. ಹಳೆಯ ಧ್ವನಿಮುದ್ರಣಗಳಲ್ಲಿ ಕರೆಂಟಿನ ಗುಂಯ್ ಸದ್ದು ಇರುತ್ತದಲ್ವಾ? ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಸುತ್ತು. ಹಾಗಾಗಿ ಆ ಸದ್ದು 50, 100, 150 ಹರ್ಟ್ಸ್‌ನಲ್ಲಿ ಕೂತಿರುತ್ತದೆ. ಈಗಿನ ಬಹಳಷ್ಟು ಹೆಡ್‌ಫೋನ್‌ಗಳು ಅದೇ ಜಾಗವನ್ನು ಎತ್ತಿ ಕೊಡುತ್ತವೆ. ಹೊಸ ಹಾಡಿಗೆ ಅದು ಹಬ್ಬ. ಮನ್ಸೂರರ ರೇಡಿಯೋ ಕಛೇರಿಗೆ ಹಾಗಲ್ಲ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಕೂತು ಕೇಳಿದಂತಾಗುತ್ತದೆ.

ಪರೀಕ್ಷೆಗೆ ಕೆಲವು ತುಣುಕು ಬೇರೆ ಇಟ್ಟಿದ್ದೇನೆ. ಮೊದಲನೆಯದು ತಂಬೂರಿ. ಗಾಯಕರ ಷಡ್ಜ ಪೇಟಿಯ ಕಪ್ಪು 1 ಅಂದುಕೊಂಡರೆ ಅದು ಸುಮಾರು 139 ಹರ್ಟ್ಸ್. ಖರ್ಜದ, ಅಂದ್ರೆ ಕೆಳಗಿನ ಷಡ್ಜದ ತಂತಿ ಅದರ ಅರ್ಧ, 69ರ ಆಸುಪಾಸು. ಆದರೆ ತಂಬೂರಿಗೆ ಜೀವ ಬರುವುದು ಆ 69ರಿಂದ ಅಲ್ಲ. ಜವಾರಿಯಿಂದ (ತಂತಿ ಕುದುರೆಯನ್ನು ಸವರಿ ಬರುವ ಝೇಂಕಾರ) ಏಳುವ ಮೇಲಿನ ಸ್ವರಗಳಿಂದ. ಅವು ಕೆಲವು ಸಾವಿರ ಹರ್ಟ್ಸ್ ತನಕ ಏರುತ್ತವೆ. ಹೆಡ್‌ಫೋನ್ ನಡುವೆ ಎಲ್ಲಾದರೂ ತಗ್ಗಿದರೆ ತಂಬೂರಿ ದನಿಯ ಹಿಂದೆ ಬರೀ ಹೊಗೆಯಾಗಿಬಿಡುತ್ತದೆ. ಎರಡನೆಯದು ಗಂಗೂಬಾಯಿ ಅವರ ತುಂಬು ದನಿ. 200ರಿಂದ 400 ಹರ್ಟ್ಸ್ ಉಬ್ಬಿದರೆ ಅದು ಮಂಕಾಗುತ್ತದೆ, ಸೊರಗಿದರೆ ಅದರ ತೂಕವೇ ಹೋಗುತ್ತದೆ. ಇನ್ನೊಂದು ಭಜನೆಯ ತಾಳ. ಫೋನಿನ ಮೈಕ್ ಮೊದಲೇ ಚೂಪು. ಹೆಡ್‌ಫೋನೂ ಚೂಪಾದರೆ ಕಿವಿ ಕೊಯ್ಯುತ್ತದೆ.

ಮಾರ್ಚ್

ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಸುತ್ತಿದೆ. ಬ್ಲೂಟೂತ್ ಇಯರ್‌ಬಡ್ಸ್ ರಾಶಿ ಇವೆ, ನೆಕ್‌ಬ್ಯಾಂಡ್ ರಾಶಿ ಇವೆ. ವೈರ್ ಇರೋ ದೊಡ್ಡ ಹೆಡ್‌ಫೋನ್ ಕೇಳಿ ನೋಡಲು ಸಿಗುವ ಅಂಗಡಿ ನನಗೆ ಕಾಣಲಿಲ್ಲ. ಬೆಂಗಳೂರು ದೂರ. ನಮಗೆ ಹೈದರಾಬಾದೇ ಹತ್ತಿರ. ಅಲ್ಲಿ ಕೆಲಸ ಮಾಡುವ ಗೆಳೆಯನಿಗೆ ಇದೇ ಹುಚ್ಚು. ಊರಿಗೆ ಬರುವಾಗ ಒಂದು ಚೀಲ ತುಂಬಾ ಹೆಡ್‌ಫೋನ್ ತಂದು ಬಿಟ್ಟುಹೋದ.

ಚೀಲದಲ್ಲಿ ಇದ್ದದ್ದು: ಆಡಿಯೋ ಟೆಕ್ನಿಕಾ ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 80 ಓಮ್ (ಓಮ್ ಅನ್ನೋದು ವಿದ್ಯುತ್ ತಡೆಯ ಅಳತೆ), ಫಿಲಿಪ್ಸ್ ಎಸ್‌ಎಚ್‌ಪಿ9500, ಸೆನ್‌ಹೈಸರ್ ಎಚ್‌ಡಿ 650. ಮೊದಲಿನ ಎರಡು ಮುಚ್ಚಿದ ಬೆನ್ನಿನವು, ಕೊನೆಯ ಎರಡು ತೆರೆದ ಬೆನ್ನಿನವು.

ನನಗಿಂತ ಒಳ್ಳೆ ಕಿವಿ ನಮ್ಮ ಕಾಕಾಂದು. ಭಜನೆಯಲ್ಲಿ ಪೇಟಿ ಬಾರಿಸಿ ಬಾರಿಸಿ ಪಳಗಿದ ಕಿವಿ. ಓಮ್ ಅಂದ್ರೆ ಅವರಿಗೆ ಶಿವಾಯ ನಮಃಕ್ಕೆ ಮುಂಚೆ ಬರೋದು, ಅಷ್ಟೇ. ಅದೇ ಒಳ್ಳೆಯದಾಯಿತು. ಬ್ರ್ಯಾಂಡ್ ಹೇಳದೆ ಒಂದೊಂದಾಗಿ ಹಾಕಿಸಿದೆ.

ಎಂ50ಎಕ್ಸ್ ಹಾಕಿದಾಗ: "ಯಾರೋ ಡಗ್ಗಾ ಕಿವಿ ಹತ್ರ ತಂದು ಬಾರಸ್ಲಿಕತ್ತಾನ."

ಡಿಟಿ 770: "ತಮ್ಮಾ, ಇದರಾಗ ತಾಳ ಮುಂದ ಬಂದು ಕುಂತದ, ಹಾಡಾಂವ ಹಿಂದ ಸರದಾನ." ಇದನ್ನೇ ಇಂಟರ್‌ನೆಟ್‌ನವರು 'ವಿ ಆಕಾರ' ಅಂತಾರೆ. ಕೆಳಗಿನದೂ ಮೇಲಿನದೂ ಎದ್ದಿರುತ್ತದೆ, ನಡುವೆ ತಗ್ಗು. ಕಾಕಾ ಹೇಳಿದ್ದು ಗ್ರಾಫಿಗಿಂತ ಚೆನ್ನಾಗಿತ್ತು.

ಎಸ್‌ಎಚ್‌ಪಿ9500: "ಬಯಲಾಗ ಕುಂತಂಗ ಅದ. ಹಗುರ ಅದ." ನಿಜ, ಹಗುರವೇ. ದನಿ ಮುಂದಿದೆ, ಗಾಳಿ ಆಡುತ್ತದೆ. ಆದರೆ ಗಂಗೂಬಾಯಿ ಸ್ವಲ್ಪ ತೆಳುವಾದರು.

ಎಚ್‌ಡಿ 650 ಹಾಕಿದ ಮೇಲೆ ಕಾಕಾ ಏನೂ ಹೇಳಲಿಲ್ಲ. ವಿಳಂಬಿತ್ ಮುಗಿಯುವ ತನಕ ತೆಗೆಯಲೇ ಇಲ್ಲ. ಇದು 2003ರ ಮಾಡೆಲ್. ಇಪ್ಪತ್ತು ವರ್ಷ ದಾಟಿದರೂ ದನಿ ಕೇಳುವವರು ಇದನ್ನು ಬಿಡುತ್ತಿಲ್ಲ. ತೀರಾ ಕೆಳಗಿನ ಬಾಸ್ ಇದರಲ್ಲಿ ತಾನಾಗಿಯೇ ಇಳಿಯುತ್ತದೆ. ಸ್ಪೆಕ್ ಶೀಟ್ ನೋಡುವವರಿಗೆ ಅದು ಕೊರತೆ. 50 ಹರ್ಟ್ಸ್ ಗುಂಯ್ ಇರುವ ನನ್ನ ಫೈಲುಗಳಿಗೆ ಅದು ಉಪಕಾರ.

ಏಪ್ರಿಲ್

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯಿತು. ಬಿಸಿಲು ಬಂತು.

ಹೆಡ್‌ಫೋನ್ ಬಗ್ಗೆ ಬರೆಯುವವರು ಬಹುಶಃ ಎಸಿ ರೂಮಿನಲ್ಲಿ ಕೂತು ಬರೆಯುತ್ತಾರೆ. ಕಲಬುರಗಿಯಲ್ಲಿ ಏಪ್ರಿಲ್ ಬಂದರೆ ಪಾದರಸ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕೂಲರ್ ಹಾಕದೆ ಮನೆಯಲ್ಲಿ ಕೂರಲು ಆಗಲ್ಲ. ತೆರೆದ ಬೆನ್ನಿನ ಹೆಡ್‌ಫೋನ್‌ಗೆ ಹೊರಗಿನ ಸದ್ದು ತಡೆಯುವ ಶಕ್ತಿ ಇಲ್ಲವೇ ಇಲ್ಲ. ಅದರ ಗುಣವೂ ಅದೇ, ದೋಷವೂ ಅದೇ. ಕೂಲರ್‌ನ ಭರ್ ಸದ್ದು ಸರಿಯಾಗಿ ಖರ್ಜದ ಮೇಲೆ, ತಬಲಾದ ಬಾಯಾ ಮೇಲೆ ಬಂದು ಕೂರುತ್ತದೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಕೆಟ್ಟ ದಾರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. 3 ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಕೂಲರ್ ಜೊತೆ ಜಿದ್ದಿಗೆ ಬಿದ್ದರೆ ಸೋಲುವುದು ಕಿವಿಯೇ.

ಮುಚ್ಚಿದ ಬೆನ್ನಿನದು ಹಾಕಿದರೆ ಸದ್ದು ತಗ್ಗುತ್ತದೆ, ಆದರೆ ಚರ್ಮದಂಥ ಪ್ಯಾಡು ಹತ್ತು ನಿಮಿಷಕ್ಕೆ ಒದ್ದೆ. ಡಿಟಿ 770ರ ಪ್ಯಾಡು ವೆಲ್ವೆಟ್ ಬಟ್ಟೆಯದು, ಅದು ಪರವಾಗಿಲ್ಲ. ಆದರೂ ಮೇ ತಿಂಗಳ ಮಧ್ಯಾಹ್ನಕ್ಕೆ ಕಿವಿ ಮುಚ್ಚುವ ಯಾವುದೂ ಬೇಡ ಅನ್ನಿಸಿತು.

ಹಾಗಾಗಿ ಎಲ್ಲಕ್ಕೂ ಒಂದೇ ಹೆಡ್‌ಫೋನ್ ಹುಡುಕುವುದನ್ನು ಬಿಟ್ಟೆ. ನಸುಕಿಗೆ ಮತ್ತು ರಾತ್ರಿಗೆ ಎಚ್‌ಡಿ 650. ಗೆಳೆಯ ಬೇರೆಯದಕ್ಕೆ ಹೋಗುತ್ತಿದ್ದ, ಹಳೆಯದನ್ನು ನನಗೇ ಕೊಟ್ಟ. ಸ್ನೇಹದ ರೇಟು. ಮಧ್ಯಾಹ್ನ ಕೂಲರ್ ಹೊತ್ತಿಗೆ ಕಿವಿಯೊಳಗೆ ಕೂರುವ ಒಂದು ಸಾಧಾರಣ ವೈರ್ ಇಯರ್‌ಫೋನ್, ಸ್ಪಂಜಿನ ಟಿಪ್ ಹಾಕಿ. ಟಿಪ್ ಸರಿಯಾಗಿ ಕೂತರೆ ಹೊರಗಿನ ಸದ್ದು ಚೆನ್ನಾಗಿ ಇಳಿಯುತ್ತದೆ. ಮೇಲಾಗಿ ಬೆವರು ಸುರಿಯುವ ಜಾಗ ಕಡಿಮೆ.

ಮೇ

ಈಗ ಆಂಪ್, ಅಂದ್ರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್. ಎಚ್‌ಡಿ 650 ಅಂದ ಕೂಡಲೇ ಎಲ್ಲರೂ "300 ಓಮ್, ದೊಡ್ಡ ಆಂಪ್ ಬೇಕೇ ಬೇಕು" ಅಂತಾರೆ. ಸುಮ್ನೆ ನಂಬುವ ಬದಲು ಲೆಕ್ಕ ಹಾಕಿ ನೋಡಿದೆ. ಹೆಡ್‌ಫೋನ್ ಕೊಳ್ಳುವವರು ಈ ಲೆಕ್ಕ ಒಂದನ್ನು ಕಲಿತರೆ ತುಂಬಾ ರೊಕ್ಕ ಉಳಿಯುತ್ತದೆ.

ಕಂಪನಿ ಕೊಡುವ ಅಂಕಿ: 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್. ನನ್ನ ಹತ್ತಿರ ಇದ್ದ ಸಣ್ಣ ಯುಎಸ್‌ಬಿ ಡಾಂಗಲ್ (ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ ತುಂಡು) ಹೆಚ್ಚೆಂದರೆ 1 ವೋಲ್ಟ್ ಕೊಡುತ್ತದೆ. 103 ಅಂದ್ರೆ ಸಾಕಾಗಬೇಕಲ್ವಾ? ಹೊಸ ಹಾಡಿಗೆ ಸಾಕು, ಧಾರಾಳವಾಗಿ ಸಾಕು. ಆದರೆ ಆ 103 ಫೈಲಿನ ಗರಿಷ್ಠ ಮಟ್ಟಕ್ಕೆ. ಹಳೆಯ ಖಯಾಲ್ ಧ್ವನಿಮುದ್ರಣದ ಸರಾಸರಿ ಮಟ್ಟ ಗರಿಷ್ಠಕ್ಕಿಂತ 25–30 ಡೆಸಿಬೆಲ್ ಕೆಳಗೆ ಇರುತ್ತದೆ. ಆಗ ಕಿವಿಗೆ ಬರುವುದು 73ರಿಂದ 78. ಅದೂ ಸರಿ. ಈಗ ಇದಕ್ಕೆ ಈಕ್ವಲೈಜರ್ (ಕೆಲವು ಹರ್ಟ್ಸ್‌ಗಳನ್ನು ಮಾತ್ರ ಎತ್ತುವ, ಇಳಿಸುವ ಸೆಟ್ಟಿಂಗ್) ಸೇರಿಸಿ. ಎಲ್ಲೋ ಒಂದು ಕಡೆ 6 ಡೆಸಿಬೆಲ್ ಎತ್ತಿದರೆ ಸದ್ದು ಒಡೆಯದಿರಲು ಒಟ್ಟು ಮಟ್ಟವನ್ನು 6 ಇಳಿಸಬೇಕು. ಉಳಿಯುವುದು 67ರಿಂದ 72. ಆಲಾಪದ ಮೆಲ್ಲಗಿನ ಜಾಗಗಳು ಇನ್ನೂ ಕೆಳಗೆ. ವಾಲ್ಯೂಮ್ ಪಟ್ಟಿ ಮೇಲೆ ಮುಟ್ಟಿ ನಿಂತಿದೆ, ಮುಂದೆ ಹೋಗಲು ಜಾಗವಿಲ್ಲ.

ಆಂಪ್ ಬೇಕಾದದ್ದು ಇದಕ್ಕೆ. ಹೆಡ್‌ಫೋನಿನ 300 ಓಮ್‌ಗಿಂತ ಫೈಲುಗಳ ಮೆಲುದನಿಯೇ ನನ್ನಲ್ಲಿ ದೊಡ್ಡ ಕಾರಣ. ವೋಲ್ಟೇಜ್ ಎರಡರಷ್ಟಾದರೆ 6 ಡೆಸಿಬೆಲ್ ಸಿಗುತ್ತದೆ. 2 ವೋಲ್ಟ್ ಕೊಡುವ ಡಾಂಗಲ್ ನನಗೆ ಸಾಕು ಅಂತ ಲೆಕ್ಕವೇ ಹೇಳಿತು. ಹಾಗೇ ಆಯಿತು.

ಗೆಳೆಯನ ಬ್ಲೂಟೂತ್ ಆಂಪ್ ಕೂಡ ಕೆಲವು ಸಂಜೆ ಇತ್ತು, ಫಿಯೋ ಬಿಟಿಆರ್5. ಅದಕ್ಕೆ ಬೇರೆ ಬ್ಯಾಟರಿ ಇದೆ. ಎಲ್‌ಡಿಎಸಿಯಲ್ಲಿ (ಒಂದು ಬ್ಲೂಟೂತ್ ವಿಧಾನ) ಫೋನಿನಿಂದ ಸೆಕೆಂಡಿಗೆ 990 ಕಿಲೋಬಿಟ್ ತನಕ ಪಡೆಯುತ್ತದೆ. ಒಳ್ಳೆ ವಸ್ತು. ಆದರೆ ಕ್ಯಾಸೆಟ್‌ನಿಂದ 128 ಕಿಲೋಬಿಟ್ ಎಂಪಿ3ಗೆ ಇಳಿದ ಹಾಡಿಗೆ 990ರ ದಾರಿ ಯಾಕೆ? ಚಾರ್ಜ್ ಮಾಡಬೇಕಾದ ಇನ್ನೊಂದು ಸಾಮಾನು ಬೇಡ ಅಂತ ಬಿಟ್ಟೆ. ಫೋನ್ ಚಾರ್ಜಿಗೆ ಹಾಕಿಕೊಂಡೇ ಕೇಳುವ ಅಭ್ಯಾಸ ಇರುವವರಿಗೆ ಅದೇ ಸರಿ. ಡಾಂಗಲ್ ಫೋನಿನ ಬ್ಯಾಟರಿಯನ್ನೂ ತಿನ್ನುತ್ತದೆ, ಚಾರ್ಜಿಂಗ್ ತೂತನ್ನೂ ಹಿಡಿದು ಕೂರುತ್ತದೆ.

ಅದೇ 2 ವೋಲ್ಟ್ ಡಾಂಗಲ್‌ಗೆ ಮಧ್ಯಾಹ್ನದ ಇಯರ್‌ಫೋನ್ ಹಾಕಿದರೆ ಬೇರೆ ತಾಪತ್ರಯ. ಅದು ಸಣ್ಣ ಓಮ್‌ನದು, ಸ್ವಲ್ಪಕ್ಕೇ ಕೂಗುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್ 15 ಮೆಟ್ಟಿಲು ಮಾತ್ರ. ಎರಡನೇ ಮೆಟ್ಟಿಲು ಕಡಿಮೆ, ಮೂರನೆಯದು ಜಾಸ್ತಿ. ಡಾಂಗಲ್‌ನಲ್ಲೇ ಬೇರೆ ವಾಲ್ಯೂಮ್ ಬಟನ್ ಮತ್ತು ಲೋ ಗೇನ್ (ಒಟ್ಟು ಜೋರು ತಗ್ಗಿಸುವ ಸೆಟ್ಟಿಂಗ್) ಇರುವುದನ್ನು ಆರಿಸಿಕೊಂಡದ್ದು ಇದಕ್ಕಾಗಿ. ಕೊಳ್ಳುವಾಗ ಔಟ್‌ಪುಟ್ ಇಂಪೀಡೆನ್ಸ್ (ಡಾಂಗಲ್‌ನದೇ ಓಮ್) ಕೂಡ ನೋಡಿ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಬೇಕು ಅನ್ನೋದು ರೂಢಿಯ ಲೆಕ್ಕ. 300 ಓಮ್‌ಗೆ ಇದು ತಲೆನೋವೇ ಅಲ್ಲ. 16 ಓಮ್‌ನ ಇಯರ್‌ಫೋನ್‌ಗೆ 2 ಓಮ್ ಒಳಗೆ ಇರಬೇಕು.

ಎಚ್‌ಡಿ 650ರ ಕೇಬಲ್ ಮೂರು ಮೀಟರ್, ತುದಿಗೆ ದಪ್ಪ 6.3 ಎಂಎಂ ಪಿನ್ನು. ಫೋನಿನ ಜೊತೆ ಇದು ನಡೆಯುವುದಿಲ್ಲ. ರಿಪೇರಿ ಅಂಗಡಿಯ ಹುಡುಗನ ಹತ್ತಿರ ಒಯ್ದೆ.

"ಸರ, ಇಷ್ಟುದ್ದ ವೈರ್ ಯಾಕ್ರಿ? ಎಮ್ಮಿ ಕಟ್ತೀರೇನ್ರಿ?"

ಒಂದೂಕಾಲು ಮೀಟರಿಗೆ ಕತ್ತರಿಸಿ 3.5 ಪಿನ್ನು ಬೆಸುಗೆ ಹಾಕಿಕೊಟ್ಟ. ಕೈ ತುಂಬಾ ಸಾಫು. ಒಳಗೆ ನಾಲ್ಕು ತಂತಿ, ಎಡಕ್ಕೆ ಎರಡು, ಬಲಕ್ಕೆ ಎರಡು. ಯಾವುದು ಯಾವುದರ ಜೋಡಿ ಅಂತ ಮೀಟರ್ ಹಚ್ಚಿ ನೋಡಿದ. ಎರಡೂ ಕಡೆ ಸುಮಾರು 300 ತೋರಿಸಿತು. ಆಮೇಲೆ ಎರಡೂ ಗ್ರೌಂಡ್ ಸೇರಿಸಿದ. ಎಡ-ಬಲದಲ್ಲಿ ಒಂದು ಕಡೆ ಮಾತ್ರ ಪ್ಲಸ್ ಮೈನಸ್ ಅದಲುಬದಲಾದರೆ ದನಿ ನಡುವೆ ನಿಲ್ಲದೆ ಎರಡೂ ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಅದಕ್ಕೆ ಅಲ್ಲೇ ಒಂದು ಮೋನೋ ಹಾಡು ಹಾಕಿ ನೋಡಿಕೊಂಡೇ ಎದ್ದೆ.

ಜೂನ್

ಮಳೆ ಶುರು. ಕೂಲರ್ ನಿಂತಿತು. ಎಚ್‌ಡಿ 650 ಈಗ ಮಧ್ಯಾಹ್ನವೂ ಹೊರಗೆ ಬರುತ್ತದೆ.

ಈಗಿರುವ ಸೆಟ್ಟಿಂಗ್: ವೇವ್‌ಲೆಟ್ ಆಪ್‌ನಲ್ಲಿ ಈಕ್ಯೂ. ಅದರಲ್ಲಿ ಈ ಹೆಡ್‌ಫೋನಿಗೆಂದು ರೆಡಿ ಇರುವ ಆಟೋಈಕ್ಯೂ ಕರ್ವ್ (ಸಿದ್ಧ ಈಕ್ವಲೈಜರ್ ಸೆಟ್ಟಿಂಗ್) ಹಾಕಿದರೆ ಬಾಸ್ ಏರಿ ಗುಂಯ್ ವಾಪಸ್ ಬರುತ್ತದೆ. ಹಾಗಾಗಿ ಅದನ್ನು ಬಿಟ್ಟು ಕೈಯಿಂದಲೇ ಮಾಡಿಕೊಂಡೆ. ರೇಡಿಯೋ ಧ್ವನಿಮುದ್ರಣಕ್ಕೆ 60ರ ಕೆಳಗೆ ಇಳಿಸು, 3–4 ಸಾವಿರದಲ್ಲಿ ಕೂದಲೆಳೆಯಷ್ಟು ಎತ್ತು. ಭಜನೆಯ ಫೈಲುಗಳಿಗೆ 6–8 ಸಾವಿರ ಇಳಿಸು. ಕವ್ವಾಲಿಗೆ ಏನೂ ಇಲ್ಲ. ಆ ಚಪ್ಪಾಳೆಗೆ ಕೈ ಹಚ್ಚುವ ಮನಸ್ಸು ಬರಲಿಲ್ಲ.

ಕ್ಯಾಸೆಟ್ ಫೈಲುಗಳಲ್ಲಿ ಎಡಕಿವಿ ಜೋರು, ಬಲಕಿವಿ ಮೆಲ್ಲಗೆ ಇರುವುದು ಬಹಳ. ಸ್ಪೀಕರಿನಲ್ಲಿ ಗೊತ್ತಾಗಲ್ಲ, ಹೆಡ್‌ಫೋನಿನಲ್ಲಿ ಗಾಯಕ ಒಂದು ಹೆಗಲ ಮೇಲೆ ಕೂತಿರುತ್ತಾನೆ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿಯಲ್ಲಿ ಮೋನೋ ಆಡಿಯೋ ಅಂತ ಇದೆ, ಅದನ್ನು ಆನ್ ಮಾಡಿದರೆ ನಡುವೆ ಬರುತ್ತಾನೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ಫೈಲುಗಳಲ್ಲಿ ಯಾವ ಆಂಪ್‌ಗಿಂತಲೂ ಜಾಸ್ತಿ ವ್ಯತ್ಯಾಸ ಮಾಡಿದ್ದು ಈ ಬಟನ್ನೇ.

ಕೆಲವು ಫೈಲುಗಳಲ್ಲಿ ಮಾತ್ರ ಮೋನೋ ಮಾಡಿದರೆ ಜವಾರಿ ಸತ್ತುಹೋಗುತ್ತದೆ. ಇಳಿಸುವಾಗ ಕ್ಯಾಸೆಟ್ ಡೆಕ್ಕಿನ ಹೆಡ್ಡು (ಟೇಪು ಓದುವ ಭಾಗ) ಓರೆ ಇದ್ದರೆ ಹೀಗಾಗುತ್ತದೆ. ಎರಡು ಚಾನೆಲ್ಲುಗಳ ನಡುವೆ ಕಣ್ಣಿಗೆ ಕಾಣದಷ್ಟು ಹೊತ್ತಿನ ಅಂತರ ಬಿದ್ದು, ಕೂಡಿಸಿದಾಗ ಮೇಲಿನ ಸ್ವರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಅಂಥವಕ್ಕೆ ಎರಡನ್ನೂ ಕೂಡಿಸದೆ ಚೆನ್ನಾಗಿರುವ ಒಂದು ಚಾನೆಲ್ ಮಾತ್ರ ತೆಗೆದು ಉಳಿಸಿಕೊಳ್ಳುತ್ತಿದ್ದೇನೆ.

ಕಾಕಾನ ಟ್ರಂಕಿನಲ್ಲಿ ಇನ್ನೂ ಇಳಿಸದ ಭಜನೆ ಕ್ಯಾಸೆಟ್‌ಗಳಿವೆ. ಡೆಕ್ಕಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಒಂದೊಂದು ಕ್ಯಾಸೆಟ್‌ಗೂ ಹೆಡ್ಡು ಹೊಂದಿಸಿ ಇಳಿಸಬೇಕು. ತಾಳದ ಸದ್ದು ಎಲ್ಲಿ ಚೂಪಾಗಿ ಬರುತ್ತದೋ ಅಲ್ಲಿ ನಿಲ್ಲಿಸಬೇಕು. ಸ್ಕ್ರೂ ನಾನು ತಿರುಗಿಸುತ್ತೇನೆ, ಹೆಡ್‌ಫೋನ್ ಕಾಕಾ ಹಾಕಿಕೊಳ್ಳುತ್ತಾರೆ. ಬಿಟ್ಟುಕೊಡುವ ಲಕ್ಷಣವಂತೂ ಕಾಣುತ್ತಿಲ್ಲ.