ಕತ್ತಲ ವೇದಿಕೆಯ ನಾಲ್ಕು ದೀಪಗಳು

ಯಂತ್ರಗಳಲ್ಲಿ ನೃತ್ಯಸಂಗೀತ ಕಟ್ಟುವ ಆರ್ಬಿಟಲ್ ಎಂಬ ಬ್ರಿಟಿಷ್ ಜೋಡಿಯ ಕಾರ್ಯಕ್ರಮದ ವಿಡಿಯೊವನ್ನು ಮೊದಲ ಸಲ ನೋಡುವವರಿಗೆ ಕಾಣುವುದು ಮುಖಗಳಲ್ಲ, ಕತ್ತಲಲ್ಲಿ ತೂಗಾಡುವ ನಾಲ್ಕು ಸಣ್ಣ ದೀಪಗಳು. ಅಣ್ಣ ಫಿಲ್ ಹಾರ್ಟ್‌ನಲ್ ಮತ್ತು ತಮ್ಮ ಪಾಲ್ ಹಾರ್ಟ್‌ನಲ್ ಕನ್ನಡಕದ ಎರಡೂ ಬದಿಗೆ ಟಾರ್ಚ್ ಸಿಕ್ಕಿಸಿಕೊಂಡು ಯಂತ್ರಗಳ ಮೇಲೆ ಬಗ್ಗಿ ನಿಂತಿರುತ್ತಾರೆ. ಗುಂಡಿಗಳು ಕಣ್ಣಿಗೆ ಬೀಳಲಿ ಎಂಬ ಅನುಕೂಲಕ್ಕೆ ಬಂದ ಆ ಕನ್ನಡಕವೇ, ಮುಂದೆ ನಿಂತು ಹಾಡುವವರಿಲ್ಲದ ಈ ಜೋಡಿಗೆ ಗುರುತಾಯಿತು.

ಇವರು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸೆವೆನೋಕ್ಸ್ ಊರಿನವರು. ಲಂಡನ್ ನಗರವನ್ನು ಬಳಸಿ ಹೋಗುವ ಎಂ25 ಎಂಬ ವರ್ತುಲ ರಸ್ತೆ 1986ರಲ್ಲಿ ಪೂರ್ಣಗೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ ಯುವಜನರು ರಾತ್ರಿ ಅದೇ ರಸ್ತೆ ಹಿಡಿದು, ಆಸುಪಾಸಿನ ಹೊಲ, ಗೋದಾಮುಗಳಲ್ಲಿ ನಡೆಯುತ್ತಿದ್ದ ರೇವ್ ಎಂಬ ರಾತ್ರಿಯಿಡೀ ಕುಣಿಯುವ ಕೂಟಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ವರ್ತುಲ ರಸ್ತೆಗೆ ಇಂಗ್ಲಿಷಿನಲ್ಲಿ ‘ಆರ್ಬಿಟಲ್’ ಎನ್ನುತ್ತಾರೆ; ಜೋಡಿಯ ಹೆಸರು ಬಂದದ್ದು ಆ ರಸ್ತೆಯಿಂದಲೇ.

ಮೊದಲ ಹಾಡು ‘ಚೈಮ್’ ಸ್ಟುಡಿಯೊದಲ್ಲಿ ಅಲ್ಲ, ತಂದೆಯ ಕ್ಯಾಸೆಟ್ ಡೆಕ್ಕಿನಲ್ಲಿ ಮನೆಯಲ್ಲೇ ಧ್ವನಿಮುದ್ರಣಗೊಂಡಿತು. 1989ರ ಕೊನೆಗೆ ಸಣ್ಣ ಪ್ರಮಾಣದಲ್ಲಿ ಹೊರಬಂದು, ಮರುವರ್ಷ ದೊಡ್ಡ ಕಂಪನಿಯ ಮೂಲಕ ಮತ್ತೆ ಬಿಡುಗಡೆಯಾದಾಗ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನಕ್ಕೇರಿತು. ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಪಾಪ್ ಸಂಗೀತ ಕಾರ್ಯಕ್ರಮಕ್ಕೆ ಕರೆ ಬಂದಾಗ ಅಣ್ಣತಮ್ಮಂದಿರು ಆಗಿನ ಸರ್ಕಾರ ತಂದಿದ್ದ ತಲೆಗಂದಾಯವನ್ನು ವಿರೋಧಿಸುವ ಟಿ-ಶರ್ಟ್ ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡರು.

ಯಂತ್ರದ ಸಂಗೀತದಲ್ಲಿ ನುಡಿಸುವುದಕ್ಕೇನಿದೆ, ಗುಂಡಿ ಒತ್ತಿದರಾಯಿತಲ್ಲ ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಆರ್ಬಿಟಲ್ ಮಾಡುತ್ತಿದ್ದುದು ಬೇರೆ. ಮೊದಲೇ ಮುದ್ರಿಸಿದ ಹಾಡನ್ನು ಹರಿಯಬಿಡದೆ, ಎಂಎಂಟಿ-8 ಎಂಬ ಸೀಕ್ವೆನ್ಸರುಗಳಲ್ಲಿ, ಅಂದರೆ ಸ್ವರಗಳ ಸಾಲನ್ನು ನೆನಪಿಟ್ಟುಕೊಂಡು ವಾದ್ಯಯಂತ್ರಗಳಿಂದ ನುಡಿಸುವ ಪೆಟ್ಟಿಗೆಗಳಲ್ಲಿ, ಹಾಡಿನ ತುಣುಕುಗಳನ್ನು ತುಂಬಿಕೊಂಡು ವೇದಿಕೆ ಹತ್ತುತ್ತಿದ್ದರು. ಪ್ರತಿ ಪೆಟ್ಟಿಗೆಯ ಮೇಲೂ ಎಂಟು ಪದರಗಳಿಗೆ ಎಂಟು ಗುಂಡಿಗಳು. ಒಂದು ಒತ್ತಿದರೆ ತಾಳ ಬರುತ್ತದೆ, ಇನ್ನೊಂದು ಒತ್ತಿದರೆ ಮಂದ್ರ ಸ್ವರ ನಿಲ್ಲುತ್ತದೆ. ಜನ ಕುಣಿಯುತ್ತಿದ್ದರೆ ಒಂದು ಭಾಗವನ್ನು ಲಂಬಿಸಬಹುದು, ಬೇಸರ ಕಂಡರೆ ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಬಹುದು. ಹೀಗಾಗಿ ಒಂದೇ ಹಾಡು ಎರಡು ಊರುಗಳಲ್ಲಿ ಎರಡು ಬಗೆಯಾಗಿ ಬೆಳೆಯುತ್ತಿತ್ತು. ಇದನ್ನು ನಮ್ಮ ಶಾಸ್ತ್ರೀಯ ಸಂಗೀತದ ಮಾತಿನಲ್ಲಿ ಮನೋಧರ್ಮ ಎನ್ನಲು ನನಗಂತೂ ಸಂಕೋಚವಿಲ್ಲ. 1994ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ರಾತ್ರಿ ಅವರು ಹೀಗೆ ನುಡಿಸಿದ್ದನ್ನು, ಗಿಟಾರ್ ತಂಡಗಳ ಆ ಬಯಲಿನಲ್ಲಿ ನೃತ್ಯಸಂಗೀತಕ್ಕೆ ಜಾಗ ಗಿಟ್ಟಿಸಿಕೊಟ್ಟ ಪ್ರದರ್ಶನವೆಂದು ಇಂದಿಗೂ ನೆನೆಯುತ್ತಾರೆ.

ಅದೇ ವರ್ಷ ಬ್ರಿಟಿಷ್ ಸಂಸತ್ತು ರೇವ್ ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಕಾನೂನಿನಲ್ಲಿ, ಒಂದರ ಹಿಂದೊಂದು ಮರುಕಳಿಸುವ ಬಡಿತಗಳ ಸಂಗೀತ ಎಂಬ ವಿವರಣೆಯೇ ಸೇರಿಬಿಟ್ಟಿತು. ಅದಕ್ಕೆ ಉತ್ತರವಾಗಿ ಆರ್ಬಿಟಲ್ ಆ ಮಸೂದೆಯ ಹೆಸರನ್ನೇ ಇಟ್ಟು, ಪ್ರಶ್ನಾರ್ಥಕ ಚಿಹ್ನೆ ಸೇರಿಸಿ, ಒಂದು ‘ರೀಮಿಕ್ಸ್’ ಹೊರತಂದಿತು. ಅದರಲ್ಲಿ ಇದ್ದದ್ದು ಕೆಲವು ನಿಮಿಷಗಳ ಮೌನ, ಅಷ್ಟೇ.

ನನಗೆ ಹೆಚ್ಚು ಹತ್ತಿರವಾದದ್ದು ‘ಹ್ಯಾಲ್ಸಿಯನ್’. ಸಾವಿರಾರು ಜನ ಕೈಯೆತ್ತಿ ಕುಣಿಯುವ ಈ ಹಾಡಿನ ಹೆಸರಿನ ಹಿಂದೆ ಒಂದು ನಿದ್ರೆಮಾತ್ರೆಯಿದೆ. ವರ್ಷಗಟ್ಟಲೆ ಅದರ ಚಟಕ್ಕೆ ಸಿಕ್ಕಿದ್ದ ತಮ್ಮ ತಾಯಿಗೆ ಮಕ್ಕಳು ಇದನ್ನು ಅರ್ಪಿಸಿದರು. ಅದು ತಿಳಿದ ಮೇಲೆ, ಮಾತಾಗಿ ಕೂಡದೆ ತೇಲಿಹೋಗುವ ಅದರ ಹೆಣ್ಣುದನಿಯನ್ನು ನಾನು ಮೊದಲಿನಂತೆ ಕೇಳಲಾರದೆ ಹೋದೆ.

1996ರ ‘ಇನ್ ಸೈಡ್ಸ್’ ಆಲ್ಬಮ್ಮಿನ ಮೊದಲ ಹಾಡನ್ನು ಸೌರವಿದ್ಯುತ್ತಿನಿಂದಲೇ ಧ್ವನಿಮುದ್ರಿಸಿದ್ದರು. ಅವರ ಕೆಲಸದಲ್ಲೇ ಶ್ರೇಷ್ಠವಾದದ್ದು ಆ ಆಲ್ಬಮ್ ಎಂಬುದು ನನ್ನ ಎಣಿಕೆ. 2001ರ ಹೊತ್ತಿಗೆ ಹೊಸ ಹೊಳಹು ಕಡಿಮೆಯಾಗಿತ್ತು. 2004ರಲ್ಲಿ ಬೇರ್ಪಟ್ಟರು, 2009ರಲ್ಲಿ ಕೂಡಿದರು, 2014ರಲ್ಲಿ ಮತ್ತೆ ಮುಗಿಯಿತೆಂದರು, 2017ರಲ್ಲಿ ಮರಳಿ ಬಂದರು. ನಡುವೆ 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಸ್ಟೀಫನ್ ಹಾಕಿಂಗ್ ಅವರ ಯಂತ್ರದನಿಯೊಡನೆ ನುಡಿಸಿದರು. 2023ರಲ್ಲಿ ‘ಆಪ್ಟಿಕಲ್ ಡಿಲ್ಯೂಷನ್’ ಆಲ್ಬಮ್ ಬಂದಿತು. ಕಾರ್ಯಕ್ರಮಗಳಲ್ಲಿ ಇಂದಿಗೂ ‘ಚೈಮ್’ ಮೊಳಗುತ್ತದೆ. ಅದರ ಗಂಟೆಯಂತಹ ಸ್ವರ ಏಳುತ್ತಿದ್ದಂತೆ ವೇದಿಕೆಯ ನಾಲ್ಕೂ ದೀಪಗಳು ಮತ್ತೆ ಗುಂಡಿಗಳತ್ತ ಬಾಗುತ್ತವೆ.