ಎಲ್ಲಿ ಹೋಗತ್ತೆ ಚಿಕ್ಕಮ್ಮ?

ಮಂಗಳವಾರ ಅಕ್ಕನ ಮಗಳ ಲ್ಯಾಬಿನಲ್ಲಿ ನೋಡಿದ್ದು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಗುಜರಾತಿನ ಕಛ್‌ನ ಜುಮಾರಾದಿಂದ ಅವಳೇ ಆರಿಸಿ ತಂದ ಬ್ರಾಕಿಯೋಪಾಡ್ ಅದು, ಅಂದರೆ ಎರಡು ಹೋಳಿನ ಚಿಪ್ಪಿನ ಕಡಲ ಪ್ರಾಣಿಯ ಪಳೆಯುಳಿಕೆ. 16 ಕೋಟಿ ವರ್ಷಕ್ಕೂ ಹಳೆಯದು. ಎರಡೂ ಹೋಳು ಬಿಗಿಯಾಗಿ ಮುಚ್ಚಿಕೊಂಡಿದ್ದವು. ಪ್ರಾಣಿ ನೆಲಕ್ಕೆ ಅಂಟಿಕೊಳ್ಳಲು ಬಳಸುತ್ತಿದ್ದ ತೊಟ್ಟು ಹೊರಬರುತ್ತಿದ್ದ ದುಂಡು ತೂತು ಕೂಡ ಚಿಪ್ಪಿನ ಕೊಕ್ಕಿನಂಥ ತುದಿಯಲ್ಲಿ ಹಾಗೇ ಇತ್ತು. ಅಷ್ಟು ಚಂದದ್ದನ್ನು ಅವಳು ಗಾಜಿನ ಮೇಲೆ ಉಜ್ಜುವ ಪುಡಿ ಹಾಕಿಕೊಂಡು ಗಂಧ ತೇಯ್ದ ಹಾಗೆ ತೇಯುತ್ತಿದ್ದಳು.

"ಅಯ್ಯೋ, ಹೋಯ್ತಲ್ಲೇ!" ಅಂದೆ.

"ಎಲ್ಲಿ ಹೋಗತ್ತೆ ಚಿಕ್ಕಮ್ಮ? ಈಗ ತಾನೇ ಕಾಣಿಸ್ತಿದೆ." ತಲೆ ಎತ್ತಲೂ ಇಲ್ಲ.

ಇದು ಯಾವ ಪ್ರಭೇದ ಅಂತ ಗುರುತಿಸಲು ಹೊರಗಿನಿಂದ ನೋಡಿ ಸ್ವಲ್ಪ ದೂರ ಹೋಗಬಹುದು. ಕಪ್ಪೆಚಿಪ್ಪಾದರೆ ಎಡ ಹೋಳು, ಬಲ ಹೋಳು ಸಾಮಾನ್ಯವಾಗಿ ಒಂದೇ ಥರ. ಇದರಲ್ಲಿ ಎರಡೂ ಹೋಳು ಬೇರೆ ಬೇರೆ, ಆದರೆ ಪ್ರತಿ ಹೋಳಿನ ನಡುವೆ ಗೆರೆ ಎಳೆದರೆ ಎರಡು ಬದಿ ಸಮ. ಚೂಪು ಏಣುಗಳಿದ್ದು ಅಂಚು ಅಂಕುಡೊಂಕಾಗಿದ್ದರೆ ಹೆಚ್ಚಾಗಿ ರಿಂಕೋನೆಲ್ಲಿಡ್ ಅನ್ನೋ ಗುಂಪು. ನುಣುಪಾಗಿ, ಕೊಕ್ಕಿನಲ್ಲಿ ದುಂಡು ತೂತಿದ್ದರೆ ಹೆಚ್ಚಾಗಿ ಟೆರೆಬ್ರಾಟುಲಿಡ್ ಗುಂಪು. ಅಲ್ಲಿಂದ ಮುಂದೆಯೇ ಕಷ್ಟ. ಹತ್ತಿರದ ನೆಂಟಸ್ತಿಕೆ ಇಲ್ಲದ ಕುಲಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುತ್ತವೆ. ಒಂದೇ ಪ್ರಭೇದದಲ್ಲಿ ಎಳೆಯದು ಚಪ್ಪಟೆ, ಬಲಿತದ್ದು ಉಬ್ಬಿರಬಹುದು. ಹಾಗಾಗಿ ಒಳಗೆ ನೋಡಲೇಬೇಕು. ಒಳಗೆ ತುಂಬಿರುವುದು ಕಲ್ಲು.

ಕೊಕ್ಕಿನ ಕಡೆಯಿಂದ ಕೂದಲೆಳೆಯಷ್ಟು ತೇಯುತ್ತಾಳೆ. ತೆಳು ಆಮ್ಲದಲ್ಲಿ ಅದ್ದುತ್ತಾಳೆ. ತೊಳೆದು, ಒಣಗಿಸಿ, ಅಸಿಟೋನ್ ಹಾಕಿ ಅಸಿಟೇಟ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾಳೆ. ಒಣಗಿದ ಮೇಲೆ ಸುಲಿದರೆ ಆ ಮಟ್ಟದ ಪಡಿಯಚ್ಚು ಹಾಳೆಗೆ ಬಂದಿರುತ್ತದೆ. ಮತ್ತೆ ತೇಯುವುದು. ಹಾಳೆಗಳನ್ನು ಸಾಲಾಗಿ ಇಟ್ಟು ತೋರಿಸಿದಳು. ಮೊದಲು ಎರಡು ಹೋಳನ್ನು ಹಿಡಿದಿದ್ದ ಹಲ್ಲು ಮತ್ತು ಕುಳಿ. ಆಮೇಲೆ ಎರಡು ಚುಕ್ಕೆ. ಚುಕ್ಕೆಗಳು ದೂರ ಸರಿದು, ಕೊನೆಗೆ ಒಂದು ಕಮಾನಿನಿಂದ ಕೂಡಿಕೊಂಡವು. ಆಹಾರ ಸೋಸುವ ಅಂಗಕ್ಕೆ ಆಸರೆಯಾಗಿದ್ದ ಕುಣಿಕೆ ಅದು. ಆ ಪ್ರಾಣಿ ಸತ್ತ ಮೇಲೆ ಅದನ್ನು ಮೊದಲು ನೋಡಿದ್ದು ಇವಳೇ ಅಲ್ವಾ? ನನ್ನ ಮೈ ಜುಂ ಅಂದಿತು.

ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ "ಸ್ಕ್ಯಾನ್ ಮಾಡಿದ್ರೆ ಮುಗೀತಿತ್ತು, ಸುಮ್ನೆ ಕೈ ನೋವು" ಅಂದ. ನನಗೆ ಅವನು ಹಿಡಿಸಲಿಲ್ಲ. ಚಿಪ್ಪೂ ಕ್ಯಾಲ್ಸೈಟ್, ಒಳಗೆ ತುಂಬಿದ ಸುಣ್ಣಗಲ್ಲೂ ಕ್ಯಾಲ್ಸೈಟ್ ಆದರೆ ಎಕ್ಸ್‌ರೇಗೆ ಎರಡೂ ಹೆಚ್ಚುಕಡಿಮೆ ಒಂದೇ. ಅದು ಅವನಿಗೂ ಗೊತ್ತಿರಬೇಕು.

ಬ್ರಿಟಿಷ್ ಪಳೆಯುಳಿಕೆ ತಜ್ಞ ಎಫ್. ಎಲ್. ಕಿಚಿನ್ 1900ರಲ್ಲೇ ಕಛ್‌ನ ಬ್ರಾಕಿಯೋಪಾಡ್‌ಗಳ ಬಗ್ಗೆ ಪಳೆಯುಳಿಕೆಗಳ ಗ್ರಂಥಮಾಲೆ 'ಪ್ಯಾಲಿಯೊಂಟಾಲಜಿಯಾ ಇಂಡಿಕಾ'ದಲ್ಲಿ ಬರೆದ. ಅವನು ಟೆರೆಬ್ರಾಟುಲಾ ಎಂದು ಕರೆದ ಒಂದು ಪ್ರಭೇದ ಇವತ್ತು ಕಛಿಥೈರಿಸ್ ಕುಲದಲ್ಲಿದೆ. ಅವನ ಮಾದರಿಗಳು ಉಳಿದು ಬಂದಿದ್ದರಿಂದ ನಂತರದವರು ಮತ್ತೆ ನೋಡಿ ಹೇಳಬಹುದಾಯಿತು. ಇವಳ ಚಿಪ್ಪನ್ನು ನಾಳೆ ಯಾರು ಮತ್ತೆ ನೋಡುತ್ತಾರೆ? ತೇಯುವ ಮುಂಚೆ ಅಳತೆ, ಫೋಟೊ, ಪ್ಲಾಸ್ಟರ್ ಅಚ್ಚು ಎಲ್ಲಾ ಮಾಡಿಟ್ಟಿದ್ದಾಳೆ, ನಿಜ. ಆದರೆ ಕುಣಿಕೆ ಇರುವುದು ಆ ಹಾಳೆಗಳಲ್ಲಿ ಮಾತ್ರ. ಅವು ಸ್ಟೀಲ್ ಬೀರುವಿನ ಕೆಳ ಖಾನೆಯಲ್ಲಿ, ಒಂದು ಸ್ವೀಟ್ ಡಬ್ಬದಲ್ಲಿವೆ.

ಈಗ ತಾನೇ ಕಾಣಿಸ್ತಿದೆ ಅಂದಳಲ್ಲ, ಆ ಮಾತು ವಾರವಿಡೀ ಕಿವಿಯಲ್ಲಿದೆ. ಡಬ್ಬ ಉಳಿದರೆ ಮಾತ್ರ ಅದು ನಿಜ. ಥೀಸಿಸ್ ಮುಗಿದು ಹುಡುಗರು ಊರು ಬಿಟ್ಟ ಮೇಲೆ ಬೀರು ಖಾಲಿ ಮಾಡುವವರಿಗೆ ಅದು ಬರೀ ಪ್ಲಾಸ್ಟಿಕ್ ಚೂರು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಇರುವ ಉತ್ಸಾಹದಲ್ಲಿ ಅರ್ಧ ಆ ಹೆಸರಿನ ಸಾಕ್ಷಿ ಕಾಪಾಡುವುದಕ್ಕೂ ಇರಬೇಕು. ಚಿಪ್ಪನ್ನು ಬಲಿ ಕೊಟ್ಟ ಮೇಲೆ ಇದು ಇಷ್ಟಬಂದರೆ ಮಾಡುವ ಕೆಲಸವಲ್ಲ.

ನಿನ್ನೆ ಫೋನ್ ಮಾಡಿ ಹಾಳೆಗಳನ್ನು ಯಾವ ಸಂಗ್ರಹಾಲಯಕ್ಕೆ ಕೊಡ್ತೀಯ ಅಂತ ಕೇಳಿದೆ. "ಥೀಸಿಸ್ ಆಗ್ಲಿ ಚಿಕ್ಕಮ್ಮ, ನೋಡೋಣ" ಅಂದಳು. ನಾನು ಒಪ್ಪಲಿಲ್ಲ. ಮುಂದಿನ ಚಿಪ್ಪು ಮುಟ್ಟುವ ಮುಂಚೆ ಎಲ್ಲಾ ಹಾಳೆಗೂ ನಂಬರ್ ಹಾಕಿ ರಿಜಿಸ್ಟರಿಗೆ ಏರಿಸು ಅಂದಿದ್ದೇನೆ.